ವಜೀರರಿಗೆ ನಿಧಾನವಾಗಿ ಉಣ್ಣಲು ಕಲಿಸಿದ ಚಳಿಗಾಲ

ಕಳೆದ ತಿಂಗಳು ಪಕ್ಕದ ಮನೆಯ ಐಸಮ್ಮ ಮೆಕ್ಕಾಕ್ಕೆ ಹೋಗಿ ಉಮ್ರಾ ಮುಗಿಸಿ ಬಂದವರು ಖರ್ಜೂರದ ಜೊತೆ ಒಂದು ಪೊಟ್ಟಣ ಒಣಗಿದ ಎಲೆಯನ್ನೂ ಕೊಟ್ಟರು. ಹೊಟ್ಟೆಗೆ ಒಳ್ಳೆಯದೆಂದು ಅಲ್ಲಿನ ಅಂಗಡಿಯವನು ಕೊಟ್ಟನಂತೆ. ಎಂತದೆಂದು ಅವರಿಗೂ ಗೊತ್ತಿರಲಿಲ್ಲ. ನನ್ನ ಹೆಂಡತಿ ಶುಭಾ ಅದನ್ನು ಚಹಾಕ್ಕೆ ಹಾಕಿ ಕುದಿಸಿದಳು. ಕರ್ಪೂರಕ್ಕೂ ತುಳಸಿಗೂ ನಡುವಿನ ಆ ವಾಸನೆ ಅಡುಗೆಮನೆಯಿಂದ ಹೊರಗೆ ಬಂದಾಗ ನಾನು ಜಗಲಿಯಲ್ಲಿ ಪೇಪರ್ ಓದುತ್ತಿದ್ದೆ. ಆಮೇಲೆ ಒಂದು ಸಾಲೂ ತಲೆಗೆ ಹೋಗಲಿಲ್ಲ. ಅದು ಮರಮಿಯ್ಯಾ ಎಲೆ. ಸೌದಿಯ ತಬೂಕಿನ ಒಂದು ಚಳಿಗಾಲವಿಡೀ, ಎತ್ತರದ ಗೋಡೆಯ ಮನೆಯೊಂದರಲ್ಲಿ, ದಿನಾ ಬೆಳಿಗ್ಗೆ ನಾನು ಕುಡಿದದ್ದು ಆ ಎಲೆಯ ಚಹಾವನ್ನೇ.

ಅದು ೨೦೧೪ರ ಕೊನೆ. ಕಾರ್ಕಳದಿಂದ ಹೋಗಿ ತಬೂಕಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ನನಗೆ ಮೂರು ವರ್ಷವಾಗಿತ್ತು. ಆ ವರ್ಷದ ಮೇ ತಿಂಗಳಲ್ಲಿ ರಜೆಗೆ ಊರಿಗೆ ಹೋಗಿ ಬಂದಿದ್ದೆ. ಒಂದು ದಿನ ಆಫೀಸಿಗೆ ಕರೆದರು. ಬಿಳಿ ನಿಲುವಂಗಿ ತೊಟ್ಟ, ಮೀಸೆ ಕತ್ತರಿಸಿದ ಒಬ್ಬರು ಕುಳಿತಿದ್ದರು. ಸ್ಟ್ರೋಕ್ ಆದ ಒಬ್ಬ ರೋಗಿ ಊರ ಹೊರಗಿನ ವಿಲ್ಲಾದಲ್ಲಿದ್ದಾರೆ, ಅಲ್ಲೇ ಉಳಿದು ನೋಡಿಕೊಳ್ಳಬೇಕು ಎಂದರು. ಅಲ್ಲಿ ಕಂಡದ್ದು ಕೇಳಿದ್ದು ಹೊರಗೆ ಹೇಳಕೂಡದೆಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಆಸ್ಪತ್ರೆಯ ಕಪಾಟಿನಲ್ಲಿದ್ದ ನನ್ನ ಪಾಸ್‌ಪೋರ್ಟ್ ಅವರ ಬ್ಯಾಗಿಗೆ ಹೋಯಿತು. ಅವರೇ ವಿಲ್ಲಾದ ಕಾವಲಿನ ಮುಖ್ಯಸ್ಥರು. ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು.

"ಸರ್, ಫೆಬ್ರವರಿಯಲ್ಲಿ ನನ್ನ ಹೆಂಡತಿಗೆ ಹೆರಿಗೆ. ರಜೆ ಬೇಕಿತ್ತು," ಎಂದೆ.

"ಇನ್ಶಾ ಅಲ್ಲಾ," ಎಂದರು ಕ್ಯಾಪ್ಟನ್. ಅದು ಹೌದೋ ಅಲ್ಲವೋ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ವಿಲ್ಲಾದ ಗೇಟಿನಲ್ಲೇ ಮೊಬೈಲ್ ತೆಗೆದಿಟ್ಟುಕೊಂಡರು. ಶುಕ್ರವಾರ ಮಧ್ಯಾಹ್ನ ಒಂದು ಗಂಟೆ ಮಾತ್ರ ಕೈಗೆ ಸಿಗುತ್ತಿತ್ತು. ಒಳಗೆ ದಾಳಿಂಬೆ ಗಿಡಗಳ ತೋಟ, ಅದರ ಸುತ್ತ ಎರಡಾಳು ಎತ್ತರದ ಗೋಡೆ. ಅಡುಗೆಮನೆಯಿಂದ ಒಬ್ಬರು ಕೈ ಒರೆಸಿಕೊಳ್ಳುತ್ತಾ ಬಂದು ನನ್ನ ಮುಖ ನೋಡಿ, "ಊರು ಯಾವುದು? ಮಂಗಳೂರು ಕಡೆಯಾ?" ಎಂದು ಕನ್ನಡದಲ್ಲೇ ಕೇಳಿದಾಗ ನನಗೆ ಎಷ್ಟೋ ಸಮಾಧಾನವಾಯಿತು. ಅವರು ಬಂಟ್ವಾಳದ ಹಸನಬ್ಬ. ಐವತ್ತೈದು ದಾಟಿದ್ದ ಬ್ಯಾರಿ ಮುಸ್ಲಿಮರು, ಆ ಮನೆಯ ಅಡುಗೆಯವರು. ಹಿರಿಯರಾದ್ದರಿಂದ ನಾನು ಹಸನಾಕ ಎಂದು ಕರೆದೆ. ಮೂರು ವರ್ಷದಿಂದ ಅವರು ಊರಿಗೆ ಹೋಗಿರಲಿಲ್ಲ.

"ಈ ಮನೆಗೆ ಬಂದವರಿಗೆ ರಜೆ ಇಲ್ಲ ಮಾರಾಯ. ಮಗಳ ಮದುವೆಯನ್ನೇ ನಾನು ಫೋನಿನಲ್ಲಿ ನೋಡಿದ್ದು," ಎಂದರು. ನಂತರ ದನಿ ತಗ್ಗಿಸಿ, "ಮೇಲೆ ಇರುವವರು ಯಾರೂಂತ ಗೊತ್ತುಂಟಾ? ವಜೀರರು. ಅವರ ದೇಶದಲ್ಲಿ ಅಧ್ಯಕ್ಷನ ನಂತರ ಇವರೇ ಅಂತೆ," ಎಂದರು.

ಆ ದೇಶದ ಹೆಸರು ಇಲ್ಲಿ ಬರೆಯುವುದಿಲ್ಲ. ಒಬ್ಬನೇ ಮನುಷ್ಯ ಹಲವು ವರ್ಷ ಆಳಿದ ದೇಶ ಅದು. ಜನ ದಂಗೆ ಎದ್ದರು, ಅಧ್ಯಕ್ಷ ಸತ್ತ. ಅವನ ಖಾಸಗಿ ಕಚೇರಿಯ ಮುಖ್ಯಸ್ಥರಾಗಿ ಹತ್ತೊಂಬತ್ತು ವರ್ಷ ಇದ್ದ ಇವರು ಕೊನೆಯ ವಿಮಾನಗಳಲ್ಲೊಂದನ್ನು ಹತ್ತಿ ಪಾರಾಗಿ ಬಂದಿದ್ದರು. ಇಲ್ಲಿ ಆಶ್ರಯ ಸಿಕ್ಕಿತು, ಆದರೆ ಕರಾರಿನ ಮೇಲೆ. ಗೇಟು ದಾಟಬಾರದು, ಫೋನು ಮುಟ್ಟಬಾರದು, ಹಿಂದಿನ ಯಾವ ಸಂಗತಿಯನ್ನೂ ಯಾರೊಂದಿಗೂ ಮಾತಾಡಬಾರದು.

ನಾನು ಕಂಡದ್ದು ಎಪ್ಪತ್ತರ ಹತ್ತಿರದ, ಬಲಗೈ ಬಲಗಾಲು ಸೋತ, ಬೆಳಿಗ್ಗೆ ಆರಕ್ಕೇ ಕೋಟು ತೊಟ್ಟು ಕುಳಿತಿರುತ್ತಿದ್ದ ಮನುಷ್ಯನನ್ನು. ಹಾಸಿಗೆಯ ಪಕ್ಕ ಶೂ ಜೋಡಿಸಿಟ್ಟಿರುತ್ತಿದ್ದರು, ಲೇಸು ಸಡಿಲ ಮಾಡಿ, ಕಾಲು ತೂರಿಸಿದರೆ ಸಾಕು ಎನ್ನುವಂತೆ. ಅವರ ದೊಡ್ಡ ತೊಂದರೆ ಊಟ. ಸ್ಟ್ರೋಕಿನಿಂದ ಗಂಟಲಿನ ಒಂದು ಬದಿಗೆ ಬಲವಿರಲಿಲ್ಲ. ಅವಸರದಲ್ಲಿ ನುಂಗಿದರೆ ಅನ್ನ ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಅಪಾಯ. ಅವರೋ, ತಟ್ಟೆ ಮುಂದೆ ಬಂದೊಡನೆ ಎಡಗೈಯಲ್ಲಿ ಚಮಚ ಹಿಡಿದು ಒಂದರ ಹಿಂದೆ ಒಂದು ತುರುಕಿಕೊಳ್ಳುತ್ತಿದ್ದರು. ಕೆಮ್ಮಿ ಕೆಮ್ಮಿ ಮುಖ ನೀಲಿಯಾಗುತ್ತಿತ್ತು. ಮೊದಲ ವಾರದಲ್ಲೇ ಎರಡು ಸಲ ಬೆನ್ನು ಬಡಿದು ಉಸಿರು ತಂದೆ.

ಹಸನಾಕ ಕುಚ್ಚಲಕ್ಕಿ ಗಂಜಿಯನ್ನು ಅರೆದು ದಪ್ಪಗೆ ಮಾಡಿಕೊಡತೊಡಗಿದರು. ನಾನು ಎದುರಿಗೆ ಕುಳಿತು ಪ್ರತಿ ತುತ್ತಿಗೂ ಹೇಳುತ್ತಿದ್ದೆ: ಗದ್ದ ಕೆಳಗೆ, ನುಂಗಿ, ಇನ್ನೊಮ್ಮೆ ನುಂಗಿ, ಈಗ ಉಸಿರು. ನನ್ನ ಅರಬ್ಬಿ ಅರ್ಧಂಬರ್ಧ, ಅವರ ಇಂಗ್ಲಿಷ್ ಚೆನ್ನಾಗಿತ್ತು. ಒಂದು ದಿನ ತಡೆಯಲಾರದೆ ಕೇಳಿದೆ, "ಸರ್, ನಿಮ್ಮ ತಟ್ಟೆಯನ್ನು ಯಾರೂ ಎತ್ತಿಕೊಂಡು ಹೋಗುವುದಿಲ್ಲ. ಯಾಕೆ ಇಷ್ಟು ಅವಸರ?"

ಅವರು ಚಮಚ ಕೆಳಗಿಟ್ಟರು. "ಎತ್ತಿಕೊಂಡು ಹೋಗುತ್ತಿದ್ದರು," ಎಂದರು. "ಅಧ್ಯಕ್ಷರು ಚಮಚ ಇಟ್ಟರೆ ಮೇಜಿನ ಸುತ್ತ ಎಲ್ಲರೂ ಇಡಬೇಕು. ಅವರು ತಿನ್ನುತ್ತಿದ್ದುದು ಸ್ವಲ್ಪ. ನಮಗೆ ಸಿಗುತ್ತಿದ್ದುದು ನಾಲ್ಕು ನಿಮಿಷ. ಆ ಅಭ್ಯಾಸ ಮನೆಗೂ ಬಂತು. ನನ್ನ ಹೆಂಡತಿ ಬಹಳ ಚೆನ್ನಾಗಿ ಅಡುಗೆ ಮಾಡುತ್ತಿದ್ದಳು ಎಂದು ಜನ ಹೇಳುತ್ತಿದ್ದರು. ನನಗೆ ಅದರ ರುಚಿ ನೆನಪಿಲ್ಲ."

ಅಂದಿನಿಂದ ಊಟದ ಹೊತ್ತು ಮಾತಿನ ಹೊತ್ತೂ ಆಯಿತು. ಕಾವಲುಗಾರ ಬಾಗಿಲ ಹೊರಗೆ ಕೂರುತ್ತಿದ್ದ. ಅವನಿಗೆ ಇಂಗ್ಲಿಷ್ ಬಾರದು. ಎರಡು ತುತ್ತಿನ ನಡುವೆ ವಜೀರರು ಒಂದೊಂದೇ ಹೇಳುತ್ತಿದ್ದರು. ಮಂತ್ರಿಗಳು, ಸೇನಾಧಿಕಾರಿಗಳು ಅಧ್ಯಕ್ಷರನ್ನು ಕಾಣಲು ಇವರ ಬಾಗಿಲಲ್ಲಿ ಗಂಟೆಗಟ್ಟಲೆ ಕಾಯುತ್ತಿದ್ದರು. ಒಳಗೆ ಹೋದವರು ಹೊರಗೆ ಬರುವಾಗ ಇವರು ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು. ಮುಖವನ್ನು ಎಲ್ಲರೂ ಹಿಡಿತದಲ್ಲಿಡುತ್ತಾರೆ, ಕಾಲನ್ನು ಇಡಲಾಗುವುದಿಲ್ಲವಂತೆ. ಅಧ್ಯಕ್ಷರು ನಗುವ ಮೊದಲು ನಗಬಾರದು, ನಕ್ಕ ಮೇಲೆ ತಡ ಮಾಡಲೂಬಾರದು. ಸ್ನಾನದ ಕೋಣೆಯಲ್ಲೂ ಒಂದು ಫೋನು. ಅದು ಎರಡನೆಯ ಸಲ ರಿಂಗಾಗುವುದರೊಳಗೆ ಎತ್ತಬೇಕು. ಸೋಪಿನ ಕೈಯಲ್ಲೇ ಎಷ್ಟೋ ಸಲ ಎತ್ತಿದ್ದಾರೆ.

"ಬಿಟ್ಟು ಹೋಗಬಹುದಿತ್ತಲ್ಲ ಸರ್?"

"ನನಗಿಂತ ಮೊದಲು ಆ ಕುರ್ಚಿಯಲ್ಲಿದ್ದವರು ಆರೋಗ್ಯ ಸರಿಯಿಲ್ಲ, ಬಿಡುತ್ತೇನೆ ಎಂದರು. ಅಧ್ಯಕ್ಷರು ಬಹಳ ಪ್ರೀತಿಯಿಂದ ತಮ್ಮ ಸ್ವಂತ ವೈದ್ಯರನ್ನೇ ಅವರ ಮನೆಗೆ ಕಳಿಸಿದರು. ಆಮೇಲೆ ಅವರನ್ನು ಯಾರೂ ನೋಡಲಿಲ್ಲ."

ಅವರಿಗೆ ಒಬ್ಬಳೇ ಮಗಳು. ಅಧ್ಯಕ್ಷರ ಕೆಲಸದ ಮೇಲೆ ಇವರು ವಿದೇಶಕ್ಕೆ ಹೋದಾಗಲೆಲ್ಲ ಆ ಮಗು ಅರಮನೆಯ ಅತಿಥಿಗೃಹದಲ್ಲಿ 'ಅತಿಥಿ'. ಇವರು ವಾಪಸು ಬಂದ ಮೇಲೆ ಅವಳು ಮನೆಗೆ. ಹನ್ನೆರಡನೆಯ ವಯಸ್ಸಿನಲ್ಲಿ ಅವಳಿಗೆ ಅದರ ಅರ್ಥ ತಿಳಿಯಿತು. ಈಗ ಅವಳು ಯಾವುದೋ ಚಳಿ ದೇಶದಲ್ಲಿ ಹೆಸರು ಬದಲಾಯಿಸಿಕೊಂಡಿದ್ದಾಳೆ, ತಂದೆ ಬದುಕಿದ್ದಾನೋ ಎಂದೂ ಕೇಳುವುದಿಲ್ಲ ಎಂದರು. ಅದನ್ನು ಹೇಳುವಾಗ ಅವರ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಕಡತ ಓದಿದ ಹಾಗಿತ್ತು.

ಅವರ ಮೇಲೆ ನನಗೆ ಒಂದು ಬಗೆಯ ಮರುಕ ಹುಟ್ಟಿತ್ತೆಂಬುದನ್ನು ಒಪ್ಪಿಕೊಳ್ಳಬೇಕು. ನನಗೂ ಗೇಟಿತ್ತಲ್ಲ. ಶುಭಾಳ ಹೊಟ್ಟೆ ಬೆಳೆಯುವುದನ್ನು ನಾನು ವಾರಕ್ಕೆ ಒಂದು ಗಂಟೆ ಪರದೆಯ ಮೇಲೆ ನೋಡುತ್ತಿದ್ದೆ. "ಟಿಕೆಟ್ ಆಯಿತಾ?" ಎಂದು ಅವಳು ಕೇಳುತ್ತಿದ್ದಳು. "ಆಗ್ತದೆ, ಆಗ್ತದೆ," ಎನ್ನುತ್ತಿದ್ದೆ. ಕ್ಯಾಪ್ಟನ್ ಬಳಿ ಅಷ್ಟರಲ್ಲಿ ಮೂರು ಸಲ ಕೇಳಿಯಾಗಿತ್ತು.

ಡಿಸೆಂಬರಿನಲ್ಲಿ ನುಂಗುವಿಕೆಯ ಪರೀಕ್ಷೆಗೆ ವಜೀರರನ್ನು ಆಸ್ಪತ್ರೆಗೆ ಕರೆದೊಯ್ದೆವು. ಬೆಳ್ಳಗಿನ ಬೇರಿಯಂ ಪೇಸ್ಟನ್ನು ಚಮಚದಲ್ಲಿ ನುಂಗಿಸಿ, ಅದು ಗಂಟಲಲ್ಲಿ ಇಳಿಯುವ ದಾರಿಯನ್ನು ಎಕ್ಸ್‌ರೇಯಲ್ಲಿ ನೋಡುವುದು. ಕಾಗದದ ಮೇಲೆ ಅವರ ಹೆಸರಿರಲಿಲ್ಲ, ಬರೀ ಒಂದು ನಂಬರ್. ಯಂತ್ರ ನಡೆಸುತ್ತಿದ್ದವಳು ಸಲ್ಮಾ. ಮೂವತ್ತು ವಯಸ್ಸಿನ, ಮಾತು ಕಡಿಮೆಯ ಹುಡುಗಿ. ಮೂರು ವರ್ಷದಿಂದ ನನಗೆ ಪರಿಚಯ. ಧ್ವನಿ ಪರೀಕ್ಷಿಸಲು ಒಂದರಿಂದ ಹತ್ತರವರೆಗೆ ಎಣಿಸಿ ಎಂದಳು. ವಜೀರರು ಎಣಿಸಿದರು. ನಾಲ್ಕಕ್ಕೆ ಬರುವಾಗ ಅವಳು ಚಮಚವನ್ನು ತಟ್ಟೆಯಲ್ಲಿಟ್ಟು ಕಾಗದದ ಮೇಲಿನ ನಂಬರನ್ನು ಮತ್ತೆ ನೋಡಿದಳು, ಆಮೇಲೆ ಅವರ ಮುಖವನ್ನು. ಆದರೂ ಪರೀಕ್ಷೆ ಪೂರ್ತಿ ಮಾಡಿದಳು. ಒಂದೇ ಒಂದು ಚಿತ್ರವೂ ಹಾಳಾಗಲಿಲ್ಲ.

ಮರುವಾರ ರಿಪೋರ್ಟ್ ತರಲು ಹೋದಾಗ ಅವಳು ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿದಳು. ಅವಳೂ ಅದೇ ದೇಶದವಳೆಂದು ನನಗೆ ಗೊತ್ತಾದದ್ದು ಆಗ.

"ಆ ಧ್ವನಿಯನ್ನು ನಾನು ಚಿಕ್ಕಂದಿನಿಂದ ಟಿವಿಯಲ್ಲಿ ಕೇಳಿದ್ದೇನೆ ಬ್ರದರ್. ಅಧ್ಯಕ್ಷರ ಆಜ್ಞೆಗಳನ್ನು ಓದುತ್ತಿದ್ದವನು ಅವನೇ," ಎಂದಳು. ಅವಳ ತಂದೆ ಯಾಸೀನ್ ನೀರಿನ ಇಲಾಖೆಯ ಇಂಜಿನಿಯರ್. ರಾಜಧಾನಿಯ ಒಂದು ಬಡಾವಣೆಯ ನೀರು ಕುಡಿಯಲು ಯೋಗ್ಯವಲ್ಲವೆಂದು ವರದಿ ಬರೆದರು. ಆ ಬಡಾವಣೆಗೆ ಅಧ್ಯಕ್ಷರ ಹೆಸರೇ ಇತ್ತು. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಬಂದು ಕರೆದೊಯ್ದರು. ಅವಳಿಗೆ ಆಗ ಹದಿನೈದು. "ಅಮ್ಮ ಈಗಲೂ ಅವರ ರಕ್ತದೊತ್ತಡದ ಮಾತ್ರೆಯ ಹೆಸರನ್ನು ಮರೆಯದಂತೆ ಹೇಳಿಕೊಳ್ಳುತ್ತಾಳೆ, ಬಂದರೆ ಬೇಕಾಗುತ್ತದೆಂದು. ನನಗೆ ಬೇರೇನೂ ಬೇಡ. ಇದ್ದಾರಾ ಇಲ್ಲವಾ, ಇಲ್ಲವಾದರೆ ಎಲ್ಲಿ? ಇಷ್ಟೇ ಕೇಳಿ."

ನಾನು ರಿಪೋರ್ಟ್ ತೆಗೆದುಕೊಂಡು ವಿಲ್ಲಾಕ್ಕೆ ಬಂದೆ. ಅಡುಗೆಮನೆಯಲ್ಲಿ ಹಸನಾಕನಿಗೆ ಹೇಳಿದಾಗ ಅವರು ಸೌಟು ಬಿಟ್ಟು ನನ್ನತ್ತ ತಿರುಗಿದರು.

"ನಿನಗೆ ತಲೆ ಸರಿ ಉಂಟಾ ಮಾರಾಯ? ಅಲ್ಲಿ ಹೆಂಡತಿ ಹೆರಿಗೆಗೆ ಕೂತಿದ್ದಾಳೆ, ಇಲ್ಲಿ ಪಾಸ್‌ಪೋರ್ಟ್ ಆ ಕ್ಯಾಪ್ಟನ್ ಕಪಾಟಿನಲ್ಲುಂಟು. ಒಂದು ಮಾತು ಹೊರಗೆ ಬಿದ್ದರೆ ನೀನು ಎಲ್ಲಿ ಅಂತ ಹುಡುಕಲಿಕ್ಕೂ ಜನ ಇಲ್ಲ. ಬೇಡ. ಕೇಳಬೇಡ."

ಅವರು ಹೇಳಿದ್ದು ಸರಿ ಎನಿಸಿತು. ನಾಲ್ಕು ದಿನ ಸುಮ್ಮನಿದ್ದೆ. ಐದನೆಯ ದಿನ ಬೆಳಿಗ್ಗೆ ಗಂಜಿ ಅರೆಯುತ್ತಾ ಹಸನಾಕನೇ ತಲೆಯೆತ್ತದೆ ಮಾತು ತೆಗೆದರು. "ನಮ್ಮ ಬಾಪ ದೋಣಿಯಲ್ಲಿ ಹೋದವರು ಬರಲಿಲ್ಲ. ಹೆಣವೂ ಸಿಗಲಿಲ್ಲ. ಉಮ್ಮ ಸಾಯುವವರೆಗೆ ಬಾಗಿಲಿಗೆ ಚಿಲಕ ಹಾಕಲಿಲ್ಲ. ಕೇಳುವುದಾದರೆ ತೋಟದಲ್ಲಿ ಕೇಳು. ಆ ಹೊತ್ತಿಗೆ ಕಾವಲಿನವನಿಗೆ ನಾನು ಚಹಾ ಕೊಡ್ತೇನೆ."

ಅಂದು ಚಳಿ ಎಷ್ಟಿತ್ತೆಂದರೆ ದಾಳಿಂಬೆ ಗಿಡಗಳ ಬುಡದಲ್ಲಿ ನೀರು ಗಾಜಿನಂತೆ ಹೆಪ್ಪುಗಟ್ಟಿತ್ತು. ವಜೀರರನ್ನು ತೋಳು ಹಿಡಿದು ನಡೆಸುತ್ತಿದ್ದೆ. ದೂರದ ಬೆಂಚಿನಲ್ಲಿ ಕಾವಲುಗಾರ ಮರಮಿಯ್ಯಾ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದ. "ಎಕ್ಸ್‌ರೇ ತೆಗೆದ ಹುಡುಗಿ ಇಂಜಿನಿಯರ್ ಯಾಸೀನರ ಮಗಳು ಸರ್. ನೀರಿನ ಇಲಾಖೆ," ಎಂದೆ.

ಅವರ ನಡಿಗೆ ನಿಂತಿತು. ನಾನು ಅವರ ಕಾಲನ್ನೇ ನೋಡಿದೆ. ಸೋತ ಕಾಲು ಹಾಗೇ ಇತ್ತು. ಗಟ್ಟಿಯಿದ್ದ ಎಡಗಾಲು ನಡುಗುತ್ತಿತ್ತು.

"ಒಳಗೆ ಹೋಗೋಣ," ಎಂದರು.

ಎರಡು ದಿನ ಊಟ ಬೇಡವೆಂದರು. ನನ್ನ ಕಥೆ ಮುಗಿಯಿತು, ಇವರು ಕ್ಯಾಪ್ಟನ್‌ಗೆ ಹೇಳಿಬಿಡುತ್ತಾರೆ ಎಂದು ನಾನು ಕಾದೆ. ಗೇಟು ತೆರೆದ ಸದ್ದಾದಾಗಲೆಲ್ಲ ಕಿಟಕಿಗೆ ಹೋಗಿ ನೋಡುತ್ತಿದ್ದೆ. ಮೂರನೆಯ ದಿನ ಮಧ್ಯಾಹ್ನ ಗಂಜಿಯ ಬಟ್ಟಲನ್ನು ತಾವೇ ಹತ್ತಿರ ಎಳೆದುಕೊಂಡರು.

"ನನಗೆ ಎಲ್ಲ ಹೆಸರುಗಳೂ ನೆನಪಿವೆ. ನೆನಪಿಡುವುದೇ ನನ್ನ ಕೆಲಸವಾಗಿತ್ತು," ಎಂದರು. "ಆ ವರದಿಯನ್ನು ಮೇಜಿನ ಮೇಲಿಟ್ಟವನು ನಾನು. ಅಧ್ಯಕ್ಷರು ಓದಿ, 'ಈ ಇಂಜಿನಿಯರ್ ಎಂಥ ಮನುಷ್ಯ?' ಎಂದು ಕೇಳಿದರು. ಪ್ರಾಮಾಣಿಕ ಎನ್ನಬಹುದಿತ್ತು. ಮೂರ್ಖ ಎಂದಿದ್ದರೂ ಅವನು ಉಳಿಯುತ್ತಿದ್ದ. ಮೂರ್ಖರನ್ನು ಅವರು ಕ್ಷಮಿಸುತ್ತಿದ್ದರು. ನಾನು, 'ತಮಗೇ ಚೆನ್ನಾಗಿ ಗೊತ್ತು,' ಎಂದೆ. ಅಷ್ಟೇ. ಆ ಮಾತಿನ ಅರ್ಥ ನಮ್ಮಿಬ್ಬರಿಗೂ ತಿಳಿದಿತ್ತು."

ಅವರು ಒಂದು ತುತ್ತು ತೆಗೆದುಕೊಂಡು ನುಂಗಿದರು, ಇನ್ನೊಮ್ಮೆ ನುಂಗಿದರು.

"ಆ ವಾರ ನಾನು ವಿದೇಶಕ್ಕೆ ಹೊರಡುವವನಿದ್ದೆ, ನನ್ನ ಮಗಳು ಆಗಲೇ ಅತಿಥಿಗೃಹದಲ್ಲಿದ್ದಳು. ಹಾಗಾಗಿ ಹೆದರಿದೆ ಎಂದು ನಿನಗೆ ಹೇಳಬಹುದು. ಆದರೆ ಅವಳು ಮನೆಯಲ್ಲಿದ್ದರೂ ನಾನು ಅದನ್ನೇ ಹೇಳುತ್ತಿದ್ದೆ."

ಯಾಸೀನ್ ಸತ್ತದ್ದು ಬಂಧನದ ಎರಡನೆಯ ವಾರದಲ್ಲಿ. ಹೂಳಿದ ಜಾಗವೂ ಅವರಿಗೆ ಗೊತ್ತಿತ್ತು. ಆದರೆ ಅದನ್ನು ನನಗೆ ಹೇಳಲಿಲ್ಲ. "ಅವಳಿಗೆ ನಾನೇ ಹೇಳಬೇಕು. ಎರಡನೆಯ ಪರೀಕ್ಷೆ ಯಾವಾಗ?" ಎಂದರು. ಎಕ್ಸ್‌ರೇ ನಡೆಯುವಾಗ ಕೋಣೆಯ ಭಾರದ ಬಾಗಿಲು ಮುಚ್ಚಿ ಮೇಲೆ ಕೆಂಪು ದೀಪ ಹಚ್ಚುತ್ತಾರೆ. ಕಾವಲುಗಾರ ಒಳಗೆ ಬರುವಂತಿಲ್ಲ. ಮೊದಲ ಸಲವೇ ಅವರು ಅದನ್ನು ಗಮನಿಸಿದ್ದರು.

ಜನವರಿಯ ಮೂರನೆಯ ವಾರ ಹೋದೆವು. ಬಾಗಿಲು ಮುಚ್ಚಿತು. ಒಳಗೆ ಮೂರೇ ಜನ. ಚಿತ್ರಗಳನ್ನು ಡಾಕ್ಟರು ಆಮೇಲೆ ನೋಡುವುದು ರೂಢಿ. ಸಲ್ಮಾ ಬೇರಿಯಂ ಕಲಸುತ್ತಿದ್ದಳು. ವಜೀರರು ತಮ್ಮ ದೇಶದ ಅರಬ್ಬಿಯಲ್ಲಿ ಮಾತಾಡತೊಡಗಿದರು. ನನಗೆ ಅರ್ಧ ತಿಳಿಯಿತು, ಉಳಿದರ್ಧ ತಿಳಿಯುವ ಅಗತ್ಯವಿರಲಿಲ್ಲ. ಅವಳು ಒಮ್ಮೆಯೂ ಅಳಲಿಲ್ಲ. ಮಾತು ಮುಗಿದ ಮೇಲೆ ಫಾರಂ ಒಂದನ್ನು ತಿರುವಿ ಅವರ ಮುಂದಿಟ್ಟು ಪೆನ್ನು ಕೊಟ್ಟಳು. ಅವರು ಎಡಗೈಯಲ್ಲಿ, ಚಿಕ್ಕ ಮಕ್ಕಳ ಹಾಗೆ ವಕ್ರವಕ್ರವಾಗಿ ಒಂದು ನಕ್ಷೆ ಬಿಡಿಸಿದರು. ಬ್ಯಾರಕ್ಕು, ಅದರ ಹಿಂದೆ ಪೈನ್ ಮರಗಳು, ಮೂರನೆಯ ಸಾಲು.

"ನನ್ನ ತಂದೆಯ ಪೂರ್ತಿ ಹೆಸರು ಹೇಳಿ," ಎಂದಳು. ಅವರು ಹೇಳಿದರು. ತಂದೆಯ ಹೆಸರು, ಅಜ್ಜನ ಹೆಸರು, ಮನೆತನದ ಹೆಸರು. ಆಮೇಲೆ ಕ್ಷಮೆ ಎಂಬರ್ಥದ ಒಂದು ಮಾತು ಅವರ ಬಾಯಿಂದ ಹೊರಟಿತು. ಅವಳು ಕೈಯೆತ್ತಿ ತಡೆದಳು.

"ಅದು ಬೇಡ. ಬಾಯಿ ತೆರೆಯಿರಿ," ಎಂದು ಚಮಚ ಹಿಡಿದಳು. "ಗದ್ದ ಕೆಳಗೆ. ನುಂಗಿ. ನಿಧಾನ."

ಪರದೆಯ ಮೇಲೆ ಕಪ್ಪಾಗಿ ಕಾಣುವ ಬೇರಿಯಂನ ಗೆರೆ ಸರಿಯಾದ ದಾರಿಯಲ್ಲೇ ಇಳಿಯಿತು. ಅವರ ಗಂಟಲು ಸುಧಾರಿಸಿತ್ತು.

ಹೊರಗೆ ಬಂದಾಗ ಕಾವಲುಗಾರ ಗಡಿಯಾರ ನೋಡುತ್ತಿದ್ದ. ಮಾಮೂಲಿಗಿಂತ ಹದಿನೈದು ನಿಮಿಷ ಹೆಚ್ಚಾಗಿತ್ತು. ಸಂಜೆ ಕ್ಯಾಪ್ಟನ್ ನನ್ನನ್ನು ಕರೆಸಿದರು. ಒಳಗೆ ಏನಾಯಿತು ಎಂದು ಮೂರು ರೀತಿಯಲ್ಲಿ ಕೇಳಿದರು. ಔಷಧಿ ಗಂಟಲಲ್ಲಿ ಸಿಕ್ಕಿತು, ಕೆಮ್ಮು ಬಂತು, ನಿಲ್ಲುವವರೆಗೆ ಕಾದೆವು ಎಂದು ಮೂರು ಸಲವೂ ಒಂದೇ ಉತ್ತರ ಕೊಟ್ಟೆ. ಆಮೇಲೆ ಕ್ಯಾಪ್ಟನ್ ವಜೀರರ ಕೋಣೆಗೆ ಹೋದರು. ಇಬ್ಬರೂ ಏನು ಹೇಳಬೇಕೆಂದು ನಾವು ಮಾತಾಡಿಕೊಂಡಿರಲಿಲ್ಲ. ಹಸನಾಕ ಚಹಾ ಕೊಡುವ ನೆಪದಲ್ಲಿ ಒಳಗೆ ಹೋಗಿದ್ದರು. ವಜೀರರು ಕ್ಯಾಪ್ಟನ್ ಕಣ್ಣಲ್ಲಿ ಕಣ್ಣಿಟ್ಟು, "ಈ ನರ್ಸ್ ಅಯೋಗ್ಯ. ಇವತ್ತು ನನ್ನನ್ನು ಉಸಿರುಗಟ್ಟಿಸಿ ಸಾಯಿಸುತ್ತಿದ್ದ. ನಾಳೆಯಿಂದ ಇವನ ಮುಖ ನನಗೆ ಕಾಣಬಾರದು," ಎಂದು ಕೂಗಾಡಿದರಂತೆ. ಹತ್ತೊಂಬತ್ತು ವರ್ಷ ಅಧಿಕಾರದ ಎದುರು ಮಾತು ಅಳೆದು ಆಡಿದವರು. ಎಷ್ಟು ಹೇಳಿದರೆ ಕ್ಯಾಪ್ಟನ್ ನಂಬುತ್ತಾರೆ, ನನ್ನನ್ನು ಆ ಗೇಟಿನಿಂದ ಹೊರಗೆ ಹಾಕಲು ಯಾವ ಮಾತು ಸಾಕು ಎಂಬುದು ಅವರಿಗೆ ಗೊತ್ತಿತ್ತು.

ಮರುದಿನವೇ ಆಸ್ಪತ್ರೆಗೆ ವಾಪಸಾದೆ. ಅಯೋಗ್ಯನೆಂಬ ಷರಾದ ಜೊತೆ ಕೆಲಸವೂ ಹೋಯಿತು. ಆದರೂ ಕಾಗದಪತ್ರಕ್ಕೆ ಏಳು ವಾರ ಹಿಡಿಯಿತು. ಅಷ್ಟು ದಿನ ವಸತಿಗೃಹದ ಕೋಣೆಯಲ್ಲೇ ಇರಬೇಕಾಯಿತು. ಮಗಳು ಹುಟ್ಟಿದ್ದನ್ನು ನಾನೂ ಹಸನಾಕನ ಹಾಗೆ ಫೋನಿನಲ್ಲೇ ನೋಡಿದೆ. ಮಾರ್ಚಿನಲ್ಲಿ ಪಾಸ್‌ಪೋರ್ಟ್ ಕೈಗೆ ಬಂತು. ಹೊರಡುವ ಮೊದಲು ವಜೀರರನ್ನು ಇನ್ನೊಮ್ಮೆ ಕಾಣಲಾಗಲಿಲ್ಲ.

ಒಂದೂವರೆ ವರ್ಷದ ನಂತರ ಸಲ್ಮಾ ಸಂದೇಶ ಕಳಿಸಿದಳು. ಅವಳು ತನ್ನ ದೇಶಕ್ಕೆ ಮರಳಿದ್ದಳು. ಪೈನ್ ಮರಗಳ ಕೆಳಗೆ ಅಗೆದಾಗ ಮೂರನೆಯ ಸಾಲಿನಲ್ಲಿ ತಂದೆ ಸಿಕ್ಕಿದರು, ಕಟ್ಟಿಸಿಕೊಂಡಿದ್ದ ಹಲ್ಲಿನಿಂದ ಗುರುತಾಯಿತು. ಅಮ್ಮ ಮಾತ್ರೆಯ ಹೆಸರು ಹೇಳುವುದನ್ನು ನಿಲ್ಲಿಸಿದ್ದಾಳೆ ಎಂದು ಬರೆದಿದ್ದಳು. ವಜೀರರ ಬಗ್ಗೆ ಒಂದಕ್ಷರವೂ ಇರಲಿಲ್ಲ.

೨೦೧೮ರಲ್ಲಿ ಹಸನಾಕ ಬಂಟ್ವಾಳದಿಂದ ಫೋನ್ ಮಾಡಿದರು. ಬಂಟ್ವಾಳದಿಂದ ಎಂದ ಕೂಡಲೇ ನನಗೆ ಅರ್ಥವಾಯಿತು. ವಜೀರರು ಬದುಕಿದ್ದರೆ ಹಸನಾಕನನ್ನು ಆ ಮನೆಯಿಂದ ಊರಿಗೆ ಬಿಡುತ್ತಿರಲಿಲ್ಲ. "ನಿದ್ದೆಯಲ್ಲಿ ಹೋದರು ಮಾರಾಯ. ಮಧ್ಯಾಹ್ನದ ನಮಾಜಿನ ನಂತರ ದಫನ. ಕ್ಯಾಪ್ಟನ್, ಇಬ್ಬರು ಕಾವಲಿನವರು, ನಾನು. ಅಷ್ಟೇ ಜನ. ಮಣ್ಣು ಹಾಕಿ ಎರಡು ಬದಿಗೆ ಎರಡು ಕಲ್ಲಿಟ್ಟರು. ಹೆಸರಿಲ್ಲ, ಎಂತ ಇಲ್ಲ. ಅಲ್ಲಿ ಎಲ್ಲರಿಗೂ ಹಾಗೆಯೇ ಅಲ್ವಾ?"

ಸಲ್ಮಾಗೆ ತಿಳಿಸಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಕೊನೆಗೆ, ವಜೀರರು ತೀರಿಕೊಂಡರೆಂದು ಆ ಮನೆಯ ಅಡುಗೆಯವರು ತಿಳಿಸಿದರು ಎಂದು ಒಂದೇ ಸಾಲು ಬರೆದು ಕಳಿಸಿದೆ. ಅವಳು ಓದಿದ್ದು ಕಾಣಿಸಿತು, ಉತ್ತರ ಬರಲಿಲ್ಲ. ಬರೆಯಬಾರದಿತ್ತು ಎಂದುಕೊಂಡೆ. ಮರುದಿನ ಸಂಜೆ ಬಂತು.

"ಗೋರಿ ಯಾವ ಸಾಲಿನಲ್ಲಿದೆ ಎಂದು ಆ ಅಡುಗೆಯವರಿಗೆ ನೆನಪಿದ್ದರೆ ಕೇಳಿ ಬರೆದಿಟ್ಟುಕೊಳ್ಳಿ ಬ್ರದರ್. ಅವನಿಗೂ ಒಬ್ಬ ಮಗಳಿದ್ದಾಳೆ. ಯಾವತ್ತಾದರೂ ಕೇಳಬಹುದು."

ಹಸನಾಕನಿಗೆ ಆಗಲೇ ಫೋನ್ ಮಾಡಿದೆ. ಖಬರಸ್ತಾನದ ಗೇಟಿನಿಂದ ಒಳಗೆ ಹೋದರೆ ಬಲಗಡೆ ಗೋಡೆ, ಗೋಡೆಯಿಂದ ಒಂಬತ್ತನೆಯ ಸಾಲು, ಸಾಲಿನಲ್ಲಿ ಕೊನೆಯಿಂದ ನಾಲ್ಕನೆಯದು ಎಂದರು. ನಾನು ಬರೆದುಕೊಂಡು ಅವರಿಗೆ ಓದಿ ಹೇಳಿದೆ, ಅವರು ಸರಿ ಎಂದರು. ಆ ಚೀಟಿ ನನ್ನ ಪಾಸ್‌ಪೋರ್ಟಿನೊಳಗೆ ಇದೆ. ಇದುವರೆಗೆ ಯಾರೂ ಕೇಳಿಲ್ಲ.